ತೊಯ್ಗ್

ಗ್ರಾಚ್ಯುಟಿ ಬಂದಾಗ ಅಜ್ಜಂಪುರದ ಬೀದಿ ಕೇಳಿತು:
ಕಾಶಿ ಬಿಟ್ಟು ಮಂಗೋಲಿಯಾ ಯಾಕೆ ಡಾಕ್ಟ್ರಮ್ಮ?
ನಾನು ಡಾಕ್ಟರಲ್ಲ, ಮೂವತ್ತೊಂದು ವರ್ಷ ಜಾನುವಾರು ಇನ್‌ಸ್ಪೆಕ್ಟರು.
ತಿದ್ದುವುದು ಯಾವತ್ತೋ ಬಿಟ್ಟೆ.
ಹುಲ್ಲು ನೋಡೋಕೆ, ಅಂದೆ.
ನಮ್ಮ ಕಾವಲಲ್ಲಿಲ್ಲದ ಹುಲ್ಲಾ? ಅಂದ ಮಾಳಿಂಗ,
ಕಂಬಳಿಕೊಪ್ಪೆಯ ಒಳಗಿಂದ.

ಇದ್ದದ್ದು ಹುಲ್ಲೇ.
ಬೇಲಿಯಿಲ್ಲ, ಜಾಲಿಯಿಲ್ಲ, ಇಲಾಖೆಯ ಗಡಿಕಲ್ಲಿಲ್ಲ.
ಮೂರು ದಿನ ಜೀಪು ಓಡಿದರೂ
ಬಾನಂಚು ಒಂದು ಮಾರು ಹತ್ತಿರ ಬರಲಿಲ್ಲ.

ಮನೆಗೆ ಗೆರ್ ಅನ್ನುತ್ತಾರೆ. ಉಣ್ಣೆಯ ಗೋಡೆ,
ಬಿಚ್ಚಿದರೆ ಎರಡು ಒಂಟೆಯ ಹೊರೆ.
ಬಾಗಿಲು ತಟ್ಟುವಂತಿಲ್ಲ, ದೂರದಿಂದಲೇ ಕೂಗಬೇಕು:
ನಾಯಿ ಹಿಡ್ಕೊಳ್ಳಿ!
ಹೊಸಿಲು ತುಳಿಯಬಾರದು. ಗೊತ್ತಿತ್ತು.
ಚಹಾಕ್ಕೆ ಉಪ್ಪು. ಗೊತ್ತಿರಲಿಲ್ಲ.
ಒಲೆಯಲ್ಲಿ ಒಣಸಗಣಿ;
ಅಷ್ಟು ದೂರ ಹಾರಿಹೋಗಿ
ಬೆರಣಿ ಹೊಗೆಗೆ ಕಣ್ಣೀರಿಟ್ಟೆ.

ಬಾಗಿಲ ಪಕ್ಕ ತೂಗುವ ತೊಗಲುಚೀಲದಲ್ಲಿ
ಕುದುರೆಯ ಹಾಲು ಹುಳಿಯುತ್ತಿತ್ತು.
ಒಳಬಂದವರೆಲ್ಲ ನಾಲ್ಕು ಸಲ ಕಡೆಯಬೇಕು.
ಕಡೆದೆ, ನೆಂಟಳಾದೆ.
ಕುಡಿದದ್ದು ಒಂದೇ ಗುಟುಕು; ಆ ಕಥೆ ಬೇಡ.

ಒಂದು ಸಂಜೆ ಓಯುನ್ ಎಂಬವಳು,
ಹೊತ್ತುತಪ್ಪಿ ಹುಟ್ಟಿದ ಮರಿಯನ್ನು
ಒದ್ದೊದ್ದು ದೂಡುತ್ತಿದ್ದ ತಾಯಿಕುರಿಯ ಮುಂದೆ
ಮೊಣಕಾಲೂರಿ
ತೊಯ್ಗ್... ತೊಯ್ಗ್... ತೊಯ್ಗ್...
ಅಂದಳೋ ಹಾಡಿದಳೋ, ರಾತ್ರಿ ಹತ್ತಕ್ಕೆ ಬೆಳಕು ಆರುವವರೆಗೆ.
ಕುರಿ ಕರಗಿತೋ ಸೋತಿತೋ,
ಮರಿ ಕುಡಿಯಿತು.
ಒಂದು ಇಂಜೆಕ್ಷನ್ ಇದ್ದಿದ್ದರೆ ಐದು ನಿಮಿಷದ ಕೆಲಸ, ಅಂದುಕೊಂಡೆ.
ನಾಚಿಕೆಯಾಯಿತು, ಸ್ವಲ್ಪವೇ.

ಹೊರಟಾಗ ಅವಳು ಸೌಟಿನಲ್ಲಿ ಹಾಲೆತ್ತಿ
ನನ್ನ ಬೆನ್ನ ಹಿಂದೆ ಆಕಾಶಕ್ಕೆ ಚಿಮುಕಿಸಿದಳು.
ತಿರುಗಿ ನೋಡಬಾರದಿತ್ತೇನೋ. ನೋಡಿದೆ.

ಕಾರ್ತಿಕದ ಬೆಳಿಗ್ಗೆ, ಬಾಸೂರು ಕಾವಲು.
ಕರಡದ ಮೇಲೆ ಇಬ್ಬನಿ, ಮಣ್ಣಲ್ಲಿ ರಾತ್ರಿ ಬಂದ ತೋಳದ ಹೆಜ್ಜೆ,
ವಾನಂಬಾಡಿಯೊಂದು ಏರಿ ಏರಿ ಸುರಿಯುತ್ತಿದೆ.
ಮಾಳಿಂಗನ ಕರಿಕುರಿ, ಚೊಚ್ಚಲು,
ಮರಿಯನ್ನು ಮೂಸಿಯೂ ನೋಡದೆ ನಿಂತಿದೆ.
ಮೊಣಕಾಲೂರಿದೆ.
ತೊಯ್ಗ್, ಅಂದೆ. ತೊಯ್ಗ್.
ಕುರಿ ನನ್ನನ್ನು ಆಡಿಟರ್ ನೋಡಿದ ಹಾಗೆ ನೋಡಿತು.

ಮಾಳಿಂಗ ನಗಲಿಲ್ಲ.
ಕೋಲು ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.
ಅಷ್ಟು ಜೋರಲ್ಲ ಡಾಕ್ಟ್ರಮ್ಮ, ಅಂದು
ತುಟಿ ಬಿಚ್ಚದೆ, ಮೂಗಿನಲ್ಲೇ ಶುರುಮಾಡಿದ,
ಗಾಳಿ ಬೇಲಿತಂತಿಗೆ ತಾಗಿದಂಥ ಒಂದು ಸಣ್ಣ ಎಳೆ.

ಮೂವತ್ತೊಂದು ವರ್ಷ ಅವನ ಹಟ್ಟಿಗೆ ಹೋಗಿದ್ದೇನೆ,
ಈ ಸದ್ದು ಕೇಳಿರಲಿಲ್ಲ.
ಸೂಜಿ ಹಿಡಿದು ಬಂದವಳೆದುರು
ಯಾರು ಹಾಡುತ್ತಾರೆ.

ಬಿಸಿಲೇರಿತು. ಕುರಿ ಇನ್ನೂ ಒಪ್ಪಿಲ್ಲ.
ಇಬ್ಬರೂ ಕೂತಿದ್ದೇವೆ.
ಹೊತ್ತಿದೆ.