ಮಾಸು

ಊರಾಗ ಇದಕ್ಕ ಕಸ ಅಂತಾರ.
"ಕೂಸು ಆತು, ಕಸ ಬಿತ್ತೇನು?"
ನಮ್ಮಾಯಿ ನೀಲಗಂಗವ್ವ ಅಣ್ಣಿಗೇರಿಯಾಗ
ಗಂಡೋ ಹೆಣ್ಣೋ ಅನ್ನೂಕಿಂತ ಮದಲ ಕೇಳತಿದ್ಲು.
ಅದು ಬೀಳೂತನಾ ದೀಪ ಸಣ್ಣ ಮಾಡತಿರಲಿಲ್ಲ ಆಕಿ.
ಬಿದ್ದಮ್ಯಾಗ ಕುಣಿ ತೋಡಿ, ಅರಿಷಿಣ ಉದುರಿಸಿ,
ಮ್ಯಾಲ ಬೀಸೂಕಲ್ಲಿನ ತುಂಡು ಹೇರತಿದ್ಲು
ನಾಯಿ ಕೆದರಬಾರದು ಅಂತ.

ನಾ ಹುಬ್ಬಳ್ಳಿ ವಿದ್ಯಾನಗರದ ಲ್ಯಾಬಿನ್ಯಾಗ
ಅದನ್ನ ಮೇಣದಾಗ ಹುಗೀತೀನಿ.
ಅಲಗು ಎತ್ತಿದ ಪದರು
ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ,
ಬೆಚ್ಚನ್ನ ನೀರಿನ ಮ್ಯಾಲ ಸುಕ್ಕು ಬಿಡತೈತಿ.
ಗಾಜಿನ ಮ್ಯಾಲ ಹಿಡದು, ಔಷಧ ಹನಿಸಿ, ತಾಸು ಕಾದ್ರ
ಕೋಶಕ್ಕ ಕೋಶ ಎಲ್ಲಿ ಅಂಟೈತಿ
ಅಲ್ಲಿ ಕಂದು ಮೂಡತೈತಿ.
ಇ-ಕ್ಯಾಡ್ಹೆರಿನ್.
ಹೆಸರಿಗೆ ಹೆದರಬ್ಯಾಡ್ರಿ. ಕೊಂಡಿ ಅದು.

ಕೊಂಡಿ ಅಂದ್ರ ನನಗ ಅಪ್ಪ.
ರೈಲ್ವೆ ಯಾರ್ಡಿನ್ಯಾಗ ಇಪ್ಪತ್ತೊಂಬತ್ತು ವರ್ಷ
ಡಬ್ಬಿಗೆ ಡಬ್ಬಿ ಜೋಡಿಸಿದಾವ,
ಗದಗಿನ ಗೂಡ್ಸು, ಲೋಂಡಾದ ಪ್ಯಾಸೆಂಜರು.
ಎಡಗೈಯಾಗ ಮೂರ ಬಟ್ಟು.
"ಹಿಡಿಯೂದು ಕಬ್ಬಿಣಕ್ಕೂ ಬರತೈತಿ, ತಂಗೀ,
ಬಿಡೂ ಹೊತ್ತು ತಿಳಿಯೂದ ಕಷ್ಟ" ಅಂತ
ಬೀಡಿ ಸಿಗಿಸತಿದ್ದ
ಇಲ್ಲದ ಬಟ್ಟಿನ ಸಂದಿನ್ಯಾಗ.

ಒಮ್ಮೆ ಬುತ್ತಿ ಕೊಡಾಕ ಬಂದಾಗ ಒಂದು ಕಣ್ಣು ಮುಚ್ಚಿ
ಮೈಕ್ರೋಸ್ಕೋಪಿನ್ಯಾಗ ಬಗ್ಗಿ ನೋಡಿದ.
"ಯಾರ್ಡ್ ಇದ್ದಂಗ ಐತಲ್ಲ. ರಾತ್ರಿ, ಬ್ರಿಜ್ ಮ್ಯಾಲಿಂದ."

ಎಂಟನೇ ವಾರದ್ದು ಅದು, ನಿಲ್ಲದ ಬಸರು.
ಆರನೇ ದಿನ ಬಂದಿತ್ತು ಇಲ್ಲಿಗೆ,
ಸಾಸಿವಿಯನ್ನ ಹತ್ತು ಪಾಲು ಮಾಡಿದ್ರ ಒಂದು ಪಾಲು.
ಗ್ವಾಡಿಗುಂಟ ಉರುಳಿ, ತಡದು, ಮತ್ತ ಉರುಳಿ,
ಬ್ರೇಕ್ ಹಿಡದ ಎಂಜಿನ್ ಗತೆ ನಿಂತಿತ್ತು.
ಯಾರು ಸಿಗ್ನಲ್ ಕೊಟ್ರೋ.

ಬುಡದಾಗ ನೋಡಪ್ಪ, ಒತ್ತಾಗಿ ನಿಂತಾವು,
ಸುತ್ತ ಕಂದು ಗೆರಿ, ಪಾಟಿಯ ಕಟ್ಟಿನಂಗ.
ತಾಯಿ ಕಡೆ ಹೊಂಟಂಗ ಹೊಂಟಂಗ
ಗೆರಿ ಸಣ್ಣ ಆಗತೈತಿ.
ಮಾಸತೈತಿ.
ಮಾಸಿದಲ್ಲೇ ಒಂದೊಂದ ಬಿಟ್ಟುಕೊಂಡು
ಆಕಿಯ ಮಾಂಸದಾಗ ನಡದಾವು,
ಬ್ಯಾರೆ ಕೈ ಹಚಕೊಂಡು (ಅದಕ್ಕ ಇಂಟಿಗ್ರಿನ್ ಅಂತೀವಿ),
ಆಕಿಯ ನೆತ್ತರದ ನಾಳದ ತನಕ ಹೋಗಿ
ಆ ನಾಳದ ಗ್ವಾಡೀನ ಆಗ್ಯಾವು.
ಇದಕ್ಕ ಮಾಸು ಅಂತ ಹೆಸರಿಟ್ಟವರು
ಗಾಜು ನೋಡಿದವರಲ್ಲ.

ಇನ್ನೊಂದು ಗಾಜು ಐತಿ. ನಂಬರಷ್ಟ, ಹೆಸರಿಲ್ಲ.
ಮೂವತ್ತೊಂದನೇ ವಾರ,
ಬಿಪಿ ನೂರಾ ಎಪ್ಪತ್ತು, ಕಾಲು ಬಾವು, ಕಣ್ಣು ಮಬ್ಬು,
ಕುಂದಗೋಳ ಕಡೆಯಿಂದ ಟಂಟಂದಾಗ ಬಂದಾಕಿ.
ಇದರಾಗ ಕಂದು ಗೆರಿ ಕಡೀತನಾ ಹಂಗ ಐತಿ.
ಒಬ್ಬರ ಕೈ ಒಬ್ಬರು ಬಿಟ್ಟಿಲ್ಲ.
ನಾಳ ಅಗಲ ಆಗಿಲ್ಲ. ಕೂಸಿನ ಪಾಲಿನ ನೆತ್ತರ
ನಮ್ಮ ಓಣಿಯ ನಳದ ನೀರಿನಂಗ,
ಎಂಟು ದಿನಕ್ಕೊಮ್ಮೆ, ಅದೂ ಸಣ್ಣಗ.
ಯಾಕ ಬಿಡಲಿಲ್ಲ?
ಪುಸ್ತಕದಾಗ ನಾಕು ಕಾರಣ ಅದಾವು.
ನಾಕಕ್ಕೂ "ಇರಬಹುದು" ಅಂತ ಬಾಲ.

ಆಕಿ ಉಳದ್ಲಂತ. ಕೂಸು ಒಂದು ಕಿಲೋ ನೂರು ಗ್ರಾಂ,
ಬೆಚ್ಚನ್ನ ಪೆಟಿಗ್ಯಾಗ.
ಮುಂದಿಂದು ಲ್ಯಾಬಿಗೆ ಬಂದು
ಯಾರೂ ಹೇಳೂದಿಲ್ಲ.
ನಾ ಬರದದ್ದು ಒಂದ ಸಾಲು:
ಕಂದು, ಗಾಢ, ಎಲ್ಲಾ ಅಂಚಿಗೂ.

ಸಂಜೀಕ ವರ್ಕ್‌ಶಾಪಿನ ಸೈರನ್ ಕೂಗಿದ ಮ್ಯಾಗ
ಹಳದಿ ಚೀಲದ ಹುಡುಗ ಬಾಗಲಾಗ ನಿಂತ.
"ಕಸ ಐತೇನ್ರೀ, ಮೇಡಂ?"
ಐತಿ, ಅಂದೆ.
ತಡಿ, ಅಂದೆ.
ಅರಿಷಿಣ ಇರಲಿಲ್ಲ, ಕಲ್ಲೂ ಇರಲಿಲ್ಲ.
ಚೀಲದ ಬಾಯಿಗೆ ಎರಡು ಗಂಟು ಹಾಕಿದೆ,
ನಾಯಿ ಕೆದರಬಾರದು ಅಂತ.