ಶಮೀಲನ ಮೂಗು

ಫ್ರಿಜ್ಜಿನೊಳಗೆ, ಹಿಂದುಗಡೆ, ಮೇಲೆ ಬಲಕ್ಕೆ,
ಬಿಸ್ಕತ್ತಿನಷ್ಟಗಲದ ಒಂದು ಮುಚ್ಚಳ.
ಅದರ ಹಿಂದೆ ಗಾಳಿ ಸೋಸುವ ಕರಿಯ ತುಂಡೊಂದು
ಉಂಟಂತೆ. ಹನ್ನೊಂದು ತಿಂಗಳು
ನನಗದು ಗೊತ್ತೇ ಇರಲಿಲ್ಲ.

ಬೋಳಾರದ ಈ ಬಾಡಿಗೆ ಮನೆಗೆ ಅದು ಬಂದದ್ದು
ಸೆಕೆಂಡ್‌ಹ್ಯಾಂಡಿನಲ್ಲಿ, ಮೀನಿನ ಟೆಂಪೋ ಹತ್ತಿ,
ಅಡ್ಡ ಮಲಗಿಸಬೇಡಿ ಎಂದು ನಾನು ಹಿಂದೆ ಹಿಂದೆ ಓಡಿ.
ಜೊತೆಗೊಂದು ಪುಸ್ತಕ. ಪುಟ ಹದಿನೇಳು ಹೇಳುತ್ತದೆ:
ಆರು ತಿಂಗಳಿಗೊಮ್ಮೆ ಬದಲಿಸಿ.
ಅಂಗಡಿಯವ ಹೇಳುತ್ತಾನೆ: ಒಂಬೈನೂರೈವತ್ತು.
ಮೆಕ್ಯಾನಿಕ್ ಲ್ಯಾನ್ಸಿ ಫೋನಿನಲ್ಲಿ ನಗುತ್ತಾನೆ:
ವಾಸನೆ ಬಂದರೆ ಬದಲಿಸಿ ಬಾಯಮ್ಮ,
ಬಾರದಿದ್ದರೆ ಸುಮ್ಮನೆ ಯಾಕೆ?

ಬಾರದಿದ್ದರೆ.

ಎರಡು ವರ್ಷದ ಹಿಂದೆ ಆ ಜ್ವರ ಇಳಿಯುವಾಗ
ನನ್ನ ಮೂಗನ್ನೂ ಕೈಹಿಡಿದು ಇಳಿಸಿಕೊಂಡು ಹೋಯಿತು.
ಬಂಗುಡೆಯೆಂದರೆ ಈಗ ಖಾರ ಮತ್ತು ಮುಳ್ಳು.
ಮಲ್ಲಿಗೆಯೆಂದರೆ ಬಿಳಿ.
ಅನ್ನ ಸೀದದ್ದು ಹೊಗೆ ಕಂಡ ಮೇಲೆಯೇ ಗೊತ್ತು.
ಲ್ಯಾನ್ಸಿಗೆ ಇದನ್ನು ಹೇಳಲಿಲ್ಲ.
ಹೇಳಿಕೊಂಡು ತಿರುಗುವ ವಿಷಯವಾ ಇದು?

ಮುಚ್ಚಳದ ಪಕ್ಕ ಒಂದು ದೀಪ.
ಹಸಿರಿದ್ದರೆ ಸರಿ, ಕೆಂಪಾದರೆ ಬದಲಿಸಬೇಕು.
ಹಸಿರೇ ಉಂಟು. ಆದರೆ ಮೊನ್ನೆ ಕರೆಂಟು ಹೋಗಿ ಬಂದಾಗ
ಎರಡು ಸಲ ಮಿಟುಕಿಸಿ
ಮತ್ತೆ ಒಂದರಿಂದ ಲೆಕ್ಕ ಶುರು ಮಾಡಿತು.
ಆಗ ತಿಳಿಯಿತು, ಅದಕ್ಕೆ ಬರುವುದು
ದಿನ ಎಣಿಸಲು ಮಾತ್ರ.
ಪಾಪ, ಅದಕ್ಕೂ ಮೂಗಿಲ್ಲ.

ಹಾಗಾಗಿ ರಾತ್ರಿ ನಾನೇ ಒಂದು ಪರೀಕ್ಷೆ ಇಟ್ಟೆ.
ಎರಡು ಸ್ಟೀಲ್ ಲೋಟ, ಎರಡರಲ್ಲೂ ಕಾಯಿಸಿ ಆರಿಸಿದ ಹಾಲು.
ಒಂದಕ್ಕೆ ತಟ್ಟೆ ಮುಚ್ಚಿ, ಇನ್ನೊಂದನ್ನು ಬಾಯ್ತೆರೆದು
ಪುಳಿಮುಂಚಿಯ ಪಾತ್ರೆಯ ಬಗಲಲ್ಲಿ.
ಬೆಳಿಗ್ಗೆ ಎದುರುಮನೆಯ ಶಮೀಲನನ್ನು ಕರೆದೆ.
ಮೂರನೇ ಕ್ಲಾಸು. ಕೂಲಿ: ಎರಡು ನೆಲಗಡಲೆ ಚಿಕ್ಕಿ, ಮುಂಗಡ.
ರವಿಕೆ ಹೊಲಿದುಳಿದ ಲೈನಿಂಗ್ ಬಟ್ಟೆಯಿಂದ
ಅವನ ಕಣ್ಣು ಕಟ್ಟಿದೆ.

ಒಂದನೇ ಲೋಟಕ್ಕೆ, ಹಾಲು, ಎಂದ.
ಎರಡನೆಯದಕ್ಕೆ ಸುಮ್ಮನಾದ. ಮೂಗಿನ ತುದಿ
ಮೊಲದ್ದರ ಹಾಗೆ ಕುಣಿಯಿತು.
"ಇದರಲ್ಲಿ ಮೀನು ಉಂಟು. ನೀರುಳ್ಳಿಯೂ.
ಹಲಸಿನ ಹಣ್ಣು ಸ್ವಲ್ಪ."
ಹಲಸು ಮುಗಿದು ಎರಡು ವಾರ ಆಯ್ತಲ್ಲ ಮಾರಾಯ!
"ಆದರೂ ಉಂಟು. ಮತ್ತೆ ಹೂವು, ಮದುವೆ ಮನೆಯ ಹಾಗೆ."

ಹೌದು. ಮೇ ತಿಂಗಳಲ್ಲಿ ಮದುಮಗಳೊಬ್ಬಳ
ಮಲ್ಲಿಗೆ ಚೆಂಡು, ಒಂದೇ ರಾತ್ರಿ ಇಟ್ಟದ್ದು,
ಬೆಳಿಗ್ಗೆ ರವಿಕೆಯ ಜೊತೆ ಒಯ್ದಿದ್ದಳು.
ಓದು ಬಾರದವಳು ಗಂಡನ ಕಾಗದವನ್ನು
ಪೋಸ್ಟ್‌ಮ್ಯಾನನಿಂದಲೇ ಓದಿಸಿಕೊಂಡ ಹಾಗೆ
ನಾನು ನನ್ನ ಫ್ರಿಜ್ಜನ್ನು ಕೇಳುತ್ತಾ ನಿಂತೆ.
ಇನ್ನೇನುಂಟು? ಇನ್ನೇನುಂಟು?
"ಅಷ್ಟೇ," ಎಂದ, ಚಿಕ್ಕಿ ಮುರಿಯುತ್ತಾ.

ಇನ್ನೂ ಒಂದು ಸಾಕ್ಷಿ ಇರಲಿ ಎಂದು
ಅಳತೆಯ ತೆಳು ಕಾಗದದ ಪಟ್ಟಿಯೊಂದನ್ನು
ಗಾಳಿ ಬರುವಲ್ಲಿ ಹಿಡಿದೆ. ಅಲುಗಲಿಲ್ಲ.
ಕತ್ತರಿಯ ಮೊನೆಯಿಂದ ಮುಚ್ಚಳ ಎಬ್ಬಿ ತೆಗೆದು
ಕಿಟಕಿಗೆ ಹಿಡಿದರೆ, ಬೆಳಕಿನ ಒಂದು ಸೂಜಿಯೂ
ಆಚೆಯಿಂದ ಈಚೆಗೆ ದಾಟಲಿಲ್ಲ.

ಹಂಪನಕಟ್ಟೆಯಲ್ಲಿ ಚೌಕಾಸಿ ಮಾಡಿ ಎಂಟುನೂರೆಂಬತ್ತಕ್ಕೆ ತಂದೆ.
ಹಾಕಿದ ತಾರೀಕನ್ನು ಫ್ರಿಜ್ಜಿನ ಪಕ್ಕೆಯ ಮೇಲೆ
ಬಟ್ಟೆಯ ಸೀಮೆಸುಣ್ಣದಲ್ಲಿ ಬರೆದೆ,
ದೀಪವನ್ನು ಇನ್ನು ನಂಬುವುದಿಲ್ಲ.

ಮೂರನೇ ಬೆಳಿಗ್ಗೆ ಮತ್ತೆ ಎರಡು ಲೋಟ, ಮತ್ತೆ ಶಮೀಲ.
ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ,
ಚಿಕ್ಕಿ ಎಲ್ಲಿ ತಪ್ಪುತ್ತದೋ ಎಂದು
ಮೂರು ಮೂರು ಸಲ ಮೂಸಿದ.
"ಏನೂ ಬರುವುದಿಲ್ಲ ಬಾಯಮ್ಮ."
ಏನೂ ಅಂದರೆ ಏನೂ?
"ಏನೂ."
ಅವನ ಮುಖ ಸಣ್ಣದಾಯಿತು.
ನನಗೋ ನಗು. ಇವತ್ತೊಂದು ದಿನ
ನಾವಿಬ್ಬರೂ ಸಮ, ತಕೋ, ಮೂರು ಚಿಕ್ಕಿ.

ಹಳೆಯ ತುಂಡನ್ನು ಎಸೆಯಲು ಮನಸ್ಸು ಬಾರದೆ
ಕಂಪೌಂಡಿನ ಮೇಲೆ ಇಟ್ಟಿದ್ದೆ.
ಪಕ್ಕದ ಓಣಿಯ ಕಿವಿ ಹರಿದ ಬೆಕ್ಕು
ಅದರ ಮುಂದೆ ಕುಂಡೆಯೂರಿ, ಮೂಗಿಟ್ಟು,
ಅರ್ಧ ಗಂಟೆಯಿಂದ ಏಳಲಿಲ್ಲ.
ಹನ್ನೊಂದು ತಿಂಗಳು ಉಂಟಲ್ಲ ಅದರಲ್ಲಿ.
ಓದಿ ಮುಗಿಸಲಿ.