ತಡ

ಮೊದಲ ದಿನ ಪಿಳ್ಳಪ್ಪ ನನಗೆ ಸೀಟಿ ಕೊಡಲಿಲ್ಲ, ಲಾಠಿಯೂ ಇಲ್ಲ.
ಹೆಸರು ಕೊಟ್ಟರು.
ಇದು ತೆನೆ. ಇದು ಬತೇರಿ. ಇದು ಬಂದೂಕುಗಿಂಡಿ,
ಒಳಗೆ ಅಗಲ, ಹೊರಗೆ ಬರೀ ಸೀಳು.
"ಒಳಗಿರೋನಿಗೆ ಊರೆಲ್ಲ ಕಾಣ್ತದೆ,
ಊರಿಗೆ ಅವನ ರೆಪ್ಪೇನೂ ಕಾಣಲ್ಲ."
ಕಣ್ಣಿಟ್ಟು ನೋಡಿದೆ.
ಮಾರ್ಕೆಟ್ಟಿನದು ಒಂದೇ ಎಳೆ:
ಸೇವಂತಿಗೆ ಮೂಟೆ ಹೊತ್ತ ತಲೆ,
ಕಲಾಸಿಪಾಳ್ಯದ ಬಸ್ಸಿನ ಕಾಲುಭಾಗ,
ನಿಂಬೆಹಣ್ಣಿನವಳ ಬೈಗುಳ, ಅದೂ ಅರ್ಧ.

ಹೆಬ್ಬಾಗಿಲ ಹಲಗೆಗೆ ಮುಳ್ಳು ಹೊಡೆದಿರುತ್ತಿದ್ದರಂತೆ,
ಆನೆಯ ಹಣೆಗೆ ಸರಿಯಾದ ಎತ್ತರಕ್ಕೆ.
"ಆನೆ ಬಂತಾ?" ಅಂದೆ.
"ಮುಳ್ಳು ಕಂಡ ಮೇಲೆ ಯಾವ ಆನೆ ಬರ್ತದಮ್ಮ?
ಮಾವುತ ನಿಂತು ಯೋಚನೆ ಮಾಡ್ತಾನಲ್ಲ,
ಅಷ್ಟು ಹೊತ್ತು ಸಿಕ್ಕಿದ್ರೆ ಸಾಕು."

ವಾರ ಕಳೆದ ಮೇಲೆ ಗೊತ್ತಾಯಿತು, ಅವರ ಲೆಕ್ಕದಲ್ಲಿ
ಕೋಟೆಯ ಎಲ್ಲ ಅಂಗಕ್ಕೂ ಒಂದೇ ಕೆಲಸ.
ಕಂದಕ ಯಾಕೆ? ಈಜೋ ಹೊತ್ತು.
ಬಾಗಿಲ ಹಿಂದೆ ದಾರಿ ಹಾವಿನ ಹಾಗೆ ಹೊರಳೋದು ಯಾಕೆ?
ಓಡಿ ಬಂದೋನು ಗೋಡೆಗೆ ಮೂಗು ತಿಕ್ಕಿ ತಿರುಗೋ ಹೊತ್ತು.
ಕಣಜ? ಹಸಿವನ್ನ ಮುಂದಿನ ಹುಣ್ಣಿಮೆಗೆ ದಬ್ಬೋಕೆ.
"ಯಾವ ಕೋಟೇನೂ ಗೆಲ್ಲಿಸಲ್ಲ. ತಡ ಮಾಡ್ತದೆ.
ಹೊರಗಿಂದ ಯಾರಾದ್ರೂ ನೆರವಿಗೆ ಬರೋ ತನಕ."
ಬರದೇ ಹೋದರೆ?
ಪಿಳ್ಳಪ್ಪ ಬೀಡಿ ಹಚ್ಚಲು ಆಚೆ ಹೋದರು.

ಕಂದಕ ಈಗ ಇಲ್ಲ.
ಮುಚ್ಚಿದ ಮಣ್ಣಿನ ಮೇಲೆ ರಸ್ತೆ, ಅಲ್ಲೇ ಹತ್ತಿರ ಫ್ಲೈಓವರ್,
ಅದರ ನೆರಳಲ್ಲಿ ಹಳೇ ಸ್ಪ್ಯಾನರು ಮಾರುವವರು.
ಸುರಂಗ ಇತ್ತೆಂದು ಎಲ್ಲರೂ ಹೇಳುತ್ತಾರೆ, ಕಂಡವರಿಲ್ಲ.
ಈಗ ಉಂಟು. ನೆಲದಡಿ ಮೆಟ್ರೋ ಹೊರಟಾಗ
ಪಿಳ್ಳಪ್ಪ ಕಲ್ಲಿಗೆ ಅಂಗೈಯೊತ್ತಿ
"ದಂಡು ಹೊಂಟಿತು" ಅನ್ನುತ್ತಾರೆ.
ನನ್ನ ಅಂಗೈಗೆ ಇನ್ನೂ ಏನೂ ತಿಳಿಯುವುದಿಲ್ಲ.

ಶಾಲೆ ಮಕ್ಕಳು ಕೇಳುತ್ತಾರೆ, ರಾಜ ಎಲ್ಲಿ ಮಲಗ್ತಿದ್ದ?
ಪಿಳ್ಳಪ್ಪ ಬಾಗಿಲ ಮಗ್ಗುಲಿನ ಗೂಡು ತೋರಿಸುತ್ತಾರೆ:
ಕಾವಲಿನವರು ಕೂತು ಕೂತು
ಕಲ್ಲು ಬೋಗುಣಿಯಂತೆ ಸವೆದಿದೆ.
"ರಾಜಂದು ಗೊತ್ತಿಲ್ಲಪ್ಪ. ನಮ್ಮೋರು ತೂಕಡಿಸ್ತಿದ್ದದ್ದು ಇಲ್ಲಿ."

ದೊಡ್ಡ ಬಾಗಿಲ ಹೊಟ್ಟೆಯಲ್ಲೊಂದು ಚಿಕ್ಕ ಬಾಗಿಲು, ದಿಡ್ಡಿ.
ಅದರಲ್ಲಿ ಬರುವವರದು ಕತ್ತು ಮೊದಲು ಒಳಗೆ;
ಕತ್ತು ಬಗ್ಗಿದಾಗ ಕತ್ತಿ ಏಳುವುದಿಲ್ಲ.
ದಿನಾ ಹನ್ನೆರಡೂಮುಕ್ಕಾಲಿಗೆ ಪಿಳ್ಳಪ್ಪ
ಅದರಲ್ಲೇ ಬಗ್ಗಿ ಹೊರಬೀಳುತ್ತಾರೆ, ಕೈಯಲ್ಲಿ ಕ್ಯಾರಿಯರ್:
ಒಂದರಲ್ಲಿ ಗಂಜಿ, ಒಂದರಲ್ಲಿ ಹುರುಳಿಕಟ್ಟು,
ಮೇಲಿನದರಲ್ಲಿ ಔಷಧಿ ಚೀಟಿಗಳು.
ರಸ್ತೆ ದಾಟಿದರೆ ವಿಕ್ಟೋರಿಯಾ ಆಸ್ಪತ್ರೆ,
ಎರಡನೇ ಮಹಡಿ, ಕಿಟಕಿ ಪಕ್ಕ, ಸಂಪಂಗಮ್ಮ.

ಒಂದು ದಿನ ನಾನೂ ಹೋದೆ.
ಮೂಗಿಗೊಂದು ನಳಿಗೆ, ತೋಳಿಗೊಂದು.
ಚಿಕ್ಕ ವಯಸ್ಸಿನ ಡಾಕ್ಟರು ಬರೆಯುತ್ತಲೇ ಹೇಳಿದಳು,
"ಇದು ವಾಸಿ ಮಾಡಲ್ಲ ತಾತ. ತಡ ಮಾಡುತ್ತೆ."
ಪಿಳ್ಳಪ್ಪ ತಲೆಯಾಡಿಸಿದರು,
ಪರಸ್ಥಳದಲ್ಲಿ ಸ್ವಂತ ಊರಿನ ಹೆಸರು ಕೇಳಿದವರ ಹಾಗೆ.
ಚೀಟಿಯನ್ನು ನಾಲ್ಕಾಗಿ ಮಡಿಸಿ ಡಬ್ಬಿಗಿಟ್ಟು
ಮುಚ್ಚಳ ಎರಡು ಸಲ ಒತ್ತಿದರು.

ಸಂಪಂಗಮ್ಮ ಕಣ್ಣು ತೆರೆದು ನನ್ನನ್ನು ನೋಡಿದರು.
"ಯಾರಿದು?"
"ನನ್ನ ಜತೆ ಕಾವಲಿಗೆ ಬಂದಿರೋ ಹುಡುಗಿ."
ಗಂಜಿ ಎರಡು ಚಮಚ ಇಳಿಯಿತು. ಮೂರನೆಯದು ಬೇಡವೆಂದರು.
ಆಮೇಲೆ, ತುಂಬ ಹೊತ್ತಿನ ಮೇಲೆ:
"ಅವಳೂ ಇಲ್ಲಿ, ನೀನೂ ಇಲ್ಲಿ.
ಕೋಟೇಲಿ ಯಾರವ್ರೆ?"

ನಾವು ಮುಖ ಮುಖ ನೋಡಿಕೊಂಡೆವು.
ಮೆಟ್ಟಿಲಿಳಿದು, ಆಟೋಗಳ ನಡುವೆ ನುಗ್ಗಿ,
ಎಳನೀರಿನ ಗಾಡಿ ಸುತ್ತಿ ಬರುವಷ್ಟರಲ್ಲಿ
ನನಗೇ ಉಬ್ಬಸ. ಅವರಿಗೆ ಅರವತ್ತೊಂಬತ್ತು.

ದಿಡ್ಡಿ ತೆರೆದೇ ಇತ್ತು.
ಒಳಗೆ, ಕಾವಲಿನವರ ಗೂಡಲ್ಲಿ,
ಸವೆದ ಬೋಗುಣಿಗೆ ಅಳತೆ ಕೊಟ್ಟಂತೆ ಮುದುಡಿ
ಮಾರ್ಕೆಟ್ಟಿನ ಕಂದು ನಾಯಿ.
ಒಂದು ಕಣ್ಣು ತೆರೆಯಿತು,
ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿ
ಒಳಗೆ ಬಿಟ್ಟಿತು.